ಮಧುಮೇಹಿಗಳ ಕಣ್ಣಿನ ತಪಾಸಣೆ: ಬ್ರಿಟನ್ನಿನ ವಲಸಿಗರನ್ನು ತಲುಪುವ ದಾರಿ

ಇಂಗ್ಲೆಂಡಿನಲ್ಲಿ ಮಧುಮೇಹವಿರುವ, 12 ವರ್ಷ ತುಂಬಿದ ಪ್ರತಿಯೊಬ್ಬರನ್ನೂ ಅಲ್ಲಿನ ಸಾರ್ವಜನಿಕ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಕಾಲಕಾಲಕ್ಕೆ ಪತ್ರ ಬರೆದು ಕಣ್ಣಿನ ತಪಾಸಣೆಗೆ ಕರೆಯುತ್ತದೆ. ಇದಕ್ಕೆ ಹಣ ಕೊಡಬೇಕಾಗಿಲ್ಲ, ಯಾರ ಶಿಫಾರಸನ್ನೂ ಹುಡುಕಿಕೊಂಡು ಹೋಗಬೇಕಾಗಿಲ್ಲ. 2003ರಲ್ಲಿ ಆರಂಭವಾಗಿ 2008ರ ಹೊತ್ತಿಗೆ ದೇಶದ ಎಲ್ಲ ಭಾಗಗಳಿಗೂ ಹಬ್ಬಿದ ಈ ವ್ಯವಸ್ಥೆಯ ಫಲ ಚೆನ್ನಾಗಿಯೇ ಕಂಡಿದೆ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ದುಡಿಯುವ ವಯಸ್ಸಿನವರ ಕುರುಡುತನಕ್ಕೆ ಸುಮಾರು ಐದು ದಶಕಗಳ ಕಾಲ ಮೊದಲ ಕಾರಣವಾಗಿದ್ದ ಮಧುಮೇಹದ ಅಕ್ಷಿಪಟಲ (ರೆಟಿನಾ) ರೋಗವು 2009–10ರ ಹೊತ್ತಿಗೆ ಆ ಸ್ಥಾನದಿಂದ ಕೆಳಗಿಳಿದು, ವಂಶಪಾರಂಪರ್ಯವಾಗಿ ಬರುವ ಅಕ್ಷಿಪಟಲದ ಕಾಯಿಲೆಗಳು ಮೊದಲ ಸ್ಥಾನಕ್ಕೆ ಬಂದಿದ್ದವು. ಸಕ್ಕರೆಯ ಉತ್ತಮ ನಿಯಂತ್ರಣದ ಜೊತೆಗೆ ರಾಷ್ಟ್ರವ್ಯಾಪಿ ತಪಾಸಣೆಯೂ ಇದಕ್ಕೆ ಕಾರಣವಿರಬೇಕೆಂದು ಅಧ್ಯಯನಕಾರರು ಅಭಿಪ್ರಾಯಪಟ್ಟರು.

ಕರೆ ಹೋದವರಲ್ಲಿ ಕನಿಷ್ಠ ಶೇ 75 ಮಂದಿಯಾದರೂ ಬರಬೇಕು, ಶೇ 85 ಮಂದಿ ಬಂದರೆ ಗುರಿ ಮುಟ್ಟಿದಂತೆ ಎಂಬುದು ಕಾರ್ಯಕ್ರಮದ ಅಳತೆಗೋಲು. ಕೋವಿಡ್‌ಗೆ ಮುಂಚಿನ ವರ್ಷಗಳಲ್ಲಿ ದೇಶದ ಸರಾಸರಿ ಶೇ 80ಕ್ಕಿಂತ ಸ್ವಲ್ಪ ಮೇಲೆಯೇ ಇತ್ತು. ಆದರೆ ಸರಾಸರಿ ಎಂಬುದು ಬಾರದೆ ಉಳಿದವರು ಯಾರೆಂಬುದನ್ನು ಹೇಳುವುದಿಲ್ಲ. ಬಡ ಬಡಾವಣೆಗಳಲ್ಲಿ ಹಾಜರಾತಿ ಕಡಿಮೆ, ಇಪ್ಪತ್ತು–ಮೂವತ್ತರ ವಯಸ್ಸಿನವರಲ್ಲಿ ಇನ್ನೂ ಕಡಿಮೆ. ವಲಸಿಗ ಸಮುದಾಯಗಳ ವಿಷಯದಲ್ಲಿ ಅಧ್ಯಯನಗಳು ಒಂದೇ ಉತ್ತರ ಕೊಟ್ಟಿಲ್ಲ; ಕೆಲವು ಕಡೆ ದಕ್ಷಿಣ ಏಷ್ಯಾ ಮೂಲದವರು ಇತರರಷ್ಟೇ ಬರುತ್ತಾರೆ, ಕೆಲವು ಕಡೆ ಸ್ಪಷ್ಟವಾಗಿ ಹಿಂದಿದ್ದಾರೆ. ಲೆಸ್ಟರ್‌ನಲ್ಲಿ ಮೂರು ತಲೆಮಾರಿನಿಂದ ನೆಲೆಸಿರುವ ಗುಜರಾತಿ ವ್ಯಾಪಾರಿ ಕುಟುಂಬಕ್ಕೂ, ಪೂರ್ವ ಲಂಡನ್ನಿನ ಟವರ್ ಹ್ಯಾಮ್ಲೆಟ್ಸ್‌ನಲ್ಲಿ ಬಾಡಿಗೆ ಮನೆಯಲ್ಲಿರುವ ಬಾಂಗ್ಲಾದೇಶಿ ಅಡುಗೆಯವರಿಗೂ ಒಂದೇ ಹೆಸರಿನ ಚೀಟಿ ಅಂಟಿಸಿದರೆ ಉತ್ತರ ಗೊಂದಲವಾಗದೆ ಇನ್ನೇನಾದೀತು? ಬಡತನ, ಭಾಷೆ, ಕೆಲಸದ ಸ್ವರೂಪ, ಬಂದು ಎಷ್ಟು ವರ್ಷವಾಯಿತು ಎಂಬ ನಾಲ್ಕೂ ಸೇರಿ ಒಬ್ಬ ವ್ಯಕ್ತಿ ತಪಾಸಣೆಯ ಬಾಗಿಲಿಗೆ ಬರುವುದನ್ನು ನಿರ್ಧರಿಸುತ್ತವೆ.

ಬಾರದಿದ್ದರೆ ನಷ್ಟವೇನು ಎಂಬುದನ್ನು ತಿಳಿಯಲು ಕಾಯಿಲೆಯ ನಡೆಯನ್ನು ಸ್ವಲ್ಪ ನೋಡಬೇಕು. ಕಣ್ಣಿನ ಹಿಂಭಾಗದಲ್ಲಿರುವ ಅಕ್ಷಿಪಟಲ, ಅಂದರೆ ರೆಟಿನಾ, ಅತಿ ಸೂಕ್ಷ್ಮ ರಕ್ತನಾಳಗಳಿಂದ ಪೋಷಣೆ ಪಡೆಯುತ್ತದೆ. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಾಗಿಯೇ ಉಳಿದರೆ ಈ ನಾಳಗಳ ಗೋಡೆ ದುರ್ಬಲವಾಗಿ, ಅಲ್ಲಲ್ಲಿ ಸಣ್ಣ ಉಬ್ಬುಗಳಾಗುತ್ತವೆ, ರಕ್ತವೂ ದ್ರವವೂ ಸೋರುತ್ತವೆ, ಕೆಲವು ನಾಳಗಳು ಮುಚ್ಚಿಹೋಗುತ್ತವೆ. ಆಮ್ಲಜನಕ ಸಾಲದಾದ ಅಕ್ಷಿಪಟಲವು ಹೊಸ ನಾಳಗಳು ಬೆಳೆಯುವಂತೆ ಸಂಕೇತ ಕಳಿಸುತ್ತದೆ. ಹಾಗೆ ಬೆಳೆದ ನಾಳಗಳು ಬಲವಿಲ್ಲದವು, ಸುಲಭವಾಗಿ ಒಡೆದು ಕಣ್ಣಿನೊಳಗೆ ರಕ್ತ ತುಂಬಿಸುತ್ತವೆ, ಕೆಲವೊಮ್ಮೆ ಅಕ್ಷಿಪಟಲವನ್ನೇ ಎಳೆದು ಕಿತ್ತುಬಿಡುತ್ತವೆ. ಇಷ್ಟೆಲ್ಲ ನಡೆಯುವಾಗಲೂ ನೋವಿರುವುದಿಲ್ಲ, ಬಹುಕಾಲ ದೃಷ್ಟಿಯೂ ಮಸುಕಾಗುವುದಿಲ್ಲ. ದೃಷ್ಟಿ ಕೆಡುವ ಮೊದಲೇ ಕಂಡುಹಿಡಿದರೆ ಲೇಸರ್ ಚಿಕಿತ್ಸೆ ಇದೆ, ಕಣ್ಣಿನೊಳಗೆ ಕೊಡುವ ಚುಚ್ಚುಮದ್ದು ಇದೆ. ಲೇಸರ್ ಚಿಕಿತ್ಸೆಯು ತೀವ್ರ ದೃಷ್ಟಿನಾಶದ ಅಪಾಯವನ್ನು ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ತಗ್ಗಿಸುತ್ತದೆಂದು 1970ರ ದಶಕದಲ್ಲೇ ಅಮೆರಿಕದ ದೊಡ್ಡ ಪ್ರಯೋಗವೊಂದು ತೋರಿಸಿಕೊಟ್ಟಿತ್ತು. ಕಳೆದುಹೋದ ದೃಷ್ಟಿಯನ್ನು ಮರಳಿ ತರುವುದು ಇದಕ್ಕಿಂತ ಎಷ್ಟೋ ಪಟ್ಟು ಕಷ್ಟ.

ದಕ್ಷಿಣ ಏಷ್ಯಾ ಮೂಲದವರಿಗೆ ಈ ಲೆಕ್ಕ ಇನ್ನಷ್ಟು ಬಿಗಿಯಾಗುತ್ತದೆ. ಬ್ರಿಟನ್ನಿನಲ್ಲಿ ಅವರಿಗೆ ಎರಡನೇ ಬಗೆಯ ಮಧುಮೇಹ ಬರುವ ಸಾಧ್ಯತೆ ಬಿಳಿಯರಿಗಿಂತ ಎರಡರಿಂದ ನಾಲ್ಕು ಪಟ್ಟು ಹೆಚ್ಚು, ಅದೂ ಕಡಿಮೆ ವಯಸ್ಸಿನಲ್ಲಿ, ಕಡಿಮೆ ತೂಕಕ್ಕೇ. ಇದನ್ನು ಗಮನಿಸಿಯೇ ಅಲ್ಲಿನ ವೈದ್ಯಕೀಯ ಮಾರ್ಗಸೂಚಿ ಏಷ್ಯನ್ನರಿಗೆ ದೇಹತೂಕದ ಸೂಚ್ಯಂಕ (ಬಿಎಂಐ) 23 ದಾಟಿದರೆ ಅಪಾಯ ಹೆಚ್ಚಿತೆಂದೂ, 27.5 ದಾಟಿದರೆ ಅಪಾಯ ತೀವ್ರವೆಂದೂ ಪರಿಗಣಿಸಲು ಹೇಳುತ್ತದೆ. ನಲವತ್ತಕ್ಕೇ ಮಧುಮೇಹ ಹಿಡಿದವರು ಅರವತ್ತಕ್ಕೆ ಹಿಡಿದವರಿಗಿಂತ ಇಪ್ಪತ್ತು ವರ್ಷ ಹೆಚ್ಚು ಕಾಲ ಕಣ್ಣನ್ನು ಕಾಪಾಡಿಕೊಳ್ಳಬೇಕಾಗುತ್ತದೆ.

ತಪಾಸಣೆಗೆ ಹೋದಾಗ ನಡೆಯುವುದು ಇಷ್ಟು. ಮೊದಲು ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸಿ ದೃಷ್ಟಿಯ ಸ್ಪಷ್ಟತೆಯನ್ನು ಬರೆದುಕೊಳ್ಳುತ್ತಾರೆ. ಅನಂತರ ಎರಡೂ ಕಣ್ಣಿಗೆ ಪಾಪೆ ಅಗಲವಾಗುವ ಔಷಧಿಯ ಹನಿ ಹಾಕುತ್ತಾರೆ; ಒಂದೆರಡು ಕ್ಷಣ ಉರಿಯುತ್ತದೆ. ಕಾಲು ಗಂಟೆಯೋ ಇಪ್ಪತ್ತು ನಿಮಿಷವೋ ಕಾದ ಮೇಲೆ ಕ್ಯಾಮೆರಾದ ಮುಂದೆ ಗಲ್ಲವಿಟ್ಟು ಕೂರಬೇಕು, ಒಂದೊಂದು ಕಣ್ಣಿನದೂ ಎರಡೆರಡು ಚಿತ್ರ ತೆಗೆಯುತ್ತಾರೆ. ಕ್ಯಾಮೆರಾ ಕಣ್ಣನ್ನು ಮುಟ್ಟುವುದಿಲ್ಲ. ಕಪ್ಪು ಅಥವಾ ಕಂದು ಕಣ್ಣುಗಳಲ್ಲಿ ಈ ಹನಿ ನಿಧಾನವಾಗಿ ಕೆಲಸ ಮಾಡುವುದರಿಂದ ನಮ್ಮಂಥವರಿಗೆ ಕಾಯುವ ಹೊತ್ತು ಸ್ವಲ್ಪ ಹೆಚ್ಚಾಗಬಹುದು, ಇನ್ನೊಂದು ಹನಿ ಬೇಕಾಗಬಹುದು. ಇದನ್ನು ಮುಂಚೆಯೇ ಹೇಳದಿದ್ದರೆ, ತಮಗಿಂತ ತಡವಾಗಿ ಬಂದ ಬಿಳಿಯ ರೋಗಿ ಮೊದಲು ಒಳಹೋದಾಗ ತಮ್ಮನ್ನು ಕಡೆಗಣಿಸಿದರೆಂದು ಭಾವಿಸುವುದು ಸಹಜ. ಹನಿಯ ಪ್ರಭಾವ ಹಲವು ಗಂಟೆ ಉಳಿಯುತ್ತದೆ. ಅಷ್ಟು ಹೊತ್ತು ಬೆಳಕು ಕಣ್ಣು ಕೋರೈಸುತ್ತದೆ, ಹತ್ತಿರದ ಅಕ್ಷರ ಕಾಣುವುದಿಲ್ಲ, ವಾಹನ ಓಡಿಸುವಂತಿಲ್ಲ.

ವಾಹನ ಓಡಿಸುವಂತಿಲ್ಲ ಎಂಬ ಈ ಒಂದು ಸಾಲು ಎಷ್ಟೋ ಜನರನ್ನು ತಪಾಸಣೆಯಿಂದ ದೂರವಿಟ್ಟಿದೆ. ಬ್ರಿಟನ್ನಿನ ಊರೂರುಗಳಲ್ಲಿ ಟ್ಯಾಕ್ಸಿ ಓಡಿಸುವವರಲ್ಲಿ ಪಾಕಿಸ್ತಾನಿ ಮತ್ತು ಬಾಂಗ್ಲಾದೇಶಿ ಮೂಲದ ಗಂಡಸರು ಬಹಳ. ಅವರಿಗೆ ಈ ಉಚಿತ ತಪಾಸಣೆಯ ಬೆಲೆ ಒಂದು ದಿನದ ಸಂಪಾದನೆ. ಇದರ ಹಿಂದೆ ಬಾಯಿಬಿಟ್ಟು ಹೇಳದ ಇನ್ನೊಂದು ಭಯವೂ ಇದೆ. ಎರಡೂ ಕಣ್ಣಿಗೆ ಲೇಸರ್ ಆದವರು ವಾಹನ ಪರವಾನಗಿ ಕೊಡುವ ಸರ್ಕಾರಿ ಸಂಸ್ಥೆಗೆ ತಿಳಿಸಬೇಕೆಂಬ ನಿಯಮವಿದೆ. ತಪಾಸಣೆಗೆ ಹೋದರೆ ಲೈಸೆನ್ಸ್ ಹೋಗುತ್ತದೆ ಎಂಬ ಮಾತು ಟ್ಯಾಕ್ಸಿ ನಿಲ್ದಾಣದಲ್ಲಿ ಒಮ್ಮೆ ಹುಟ್ಟಿದರೆ ಅದನ್ನು ಯಾವ ಕರಪತ್ರವೂ ಅಳಿಸಲಾರದು. ಆರಂಭದ ಹಂತದಲ್ಲೇ ಗೊತ್ತಾದರೆ ಲೇಸರ್‌ವರೆಗೂ ಹೋಗದೆ ಇರಬಹುದು, ತಡಮಾಡುವುದೇ ಲೈಸೆನ್ಸಿಗೆ ನಿಜವಾದ ಅಪಾಯ ಎಂಬುದನ್ನು ಇನ್ನೊಬ್ಬ ಟ್ಯಾಕ್ಸಿ ಚಾಲಕನೇ ಹೇಳಿದಾಗ ಅದಕ್ಕೆ ತೂಕ ಬರುತ್ತದೆ. ಹೋಟೆಲಿನಲ್ಲಿ ಮಧ್ಯಾಹ್ನದಿಂದ ನಡುರಾತ್ರಿಯವರೆಗೆ ದುಡಿಯುವವರಿಗೆ ಬೇಕಾದುದು ಬೆಳಗಿನ ಸಮಯ, ಕಾರ್ಖಾನೆಯವರಿಗೆ ಸಂಜೆ ಅಥವಾ ಶನಿವಾರ. ಇವೆಲ್ಲ ಜಾಗೃತಿ ಮೂಡಿಸುವ ಕೆಲಸಕ್ಕೆ ಸೇರಿದವಲ್ಲ, ವೇಳಾಪಟ್ಟಿ ತಿದ್ದುವ ಕೆಲಸಕ್ಕೆ ಸೇರಿದವು.

ಎರಡನೆಯ ಅಡ್ಡಿ ರೂಢಿಗೆ ಸಂಬಂಧಿಸಿದ್ದು, ಕನ್ನಡಿಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ನಮ್ಮಲ್ಲಿ ಆಸ್ಪತ್ರೆಗೆ ಹೋಗುವುದು ತೊಂದರೆ ಶುರುವಾದ ಮೇಲೆ. ಚೆನ್ನಾಗಿಯೇ ಕಾಣುತ್ತಿರುವಾಗ ಸರ್ಕಾರವೇ ಪತ್ರ ಬರೆದು ಕಣ್ಣು ತೋರಿಸಲು ಬನ್ನಿ ಎಂದು ಕರೆಯುವುದು ಭಾರತದಲ್ಲೋ ಪಾಕಿಸ್ತಾನದಲ್ಲೋ ಅರ್ಧ ಆಯುಷ್ಯ ಕಳೆದು ಹೋದವರಿಗೆ ಹೊಸದು, ಕೆಲವರಿಗೆ ಅನುಮಾನಾಸ್ಪದವೂ ಹೌದು. ಇದಕ್ಕೆ ಕನ್ನಡಕದ ಗೊಂದಲ ಸೇರಿಕೊಳ್ಳುತ್ತದೆ. ಬ್ರಿಟನ್ನಿನಲ್ಲಿ ಮಧುಮೇಹಿಗಳಿಗೆ ಕನ್ನಡಕದ ಅಂಗಡಿಯಲ್ಲಿ ದೃಷ್ಟಿ ಪರೀಕ್ಷೆಯೂ ಉಚಿತ. ಪವರ್ ನೋಡಿಸಿಕೊಂಡು ಬಂದವರು ತಮ್ಮ ಕಣ್ಣಿನ ಪರೀಕ್ಷೆ ಈ ವರ್ಷದ ಮಟ್ಟಿಗೆ ಮುಗಿಯಿತೆಂದು ನೆಮ್ಮದಿಯಾಗಿ ಆ ಪತ್ರವನ್ನು ಬದಿಗಿಡುತ್ತಾರೆ. ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಕಣ್ಣು ಸರಿಯಾಯಿತಲ್ಲ ಎಂದು ಸುಮ್ಮನಾಗುತ್ತಾರೆ. ಪೊರೆ ಬರುವುದು ಕಣ್ಣಿನ ಮುಂಭಾಗದ ಮಸೂರಕ್ಕೆ, ಮಧುಮೇಹ ಹಾಳುಮಾಡುವುದು ಹಿಂಭಾಗದ ಅಕ್ಷಿಪಟಲವನ್ನು. ಒಂದರ ಚಿಕಿತ್ಸೆ ಇನ್ನೊಂದನ್ನು ಕಾಯುವುದಿಲ್ಲ.

ಇನ್ನು ಭಾಷೆ. ಇಂಗ್ಲಿಷ್ ಪತ್ರವನ್ನು ಅನುವಾದಿಸಿ ಕಳಿಸಿದರೆ ಸಮಸ್ಯೆ ಬಗೆಹರಿಯಿತೆಂದು ಆಡಳಿತಗಾರರು ನಂಬುವುದುಂಟು. ಟವರ್ ಹ್ಯಾಮ್ಲೆಟ್ಸ್‌ನ ಹೆಚ್ಚಿನ ಬಾಂಗ್ಲಾದೇಶಿ ಹಿರಿಯರ ಮನೆಮಾತು ಸಿಲ್ಹೆಟಿ. ಅದನ್ನು ಬರವಣಿಗೆಯಲ್ಲಿ ಬಳಸುವವರು ಬಹಳ ಕಡಿಮೆ. ಶಿಷ್ಟ ಬಂಗಾಳಿಯಲ್ಲಿ ಅಚ್ಚಾದ ಕರಪತ್ರ ಶಾಲೆಗೆ ಹೋಗದ ಸಿಲ್ಹೆಟಿ ಅಜ್ಜಿಗೆ ಇಂಗ್ಲಿಷಿನಷ್ಟೇ ದೂರ. ಬ್ರಾಡ್‌ಫರ್ಡ್‌ನಲ್ಲಿ ನೆಲೆಸಿರುವ, ಪಾಕ್ ಆಡಳಿತದ ಕಾಶ್ಮೀರದ ಮೀರ್‌ಪುರ ಕಡೆಯವರ ಮಾತು ಪಹಾಡಿ, ಅವರಿಗೆ ಹೋಗುವ ಕರಪತ್ರ ಉರ್ದುವಿನಲ್ಲಿ. ಪತ್ರ ಬಂದಾಗ ಅದನ್ನು ಓದುವವನು ಮಗನೋ ಮೊಮ್ಮಗನೋ ಆಗಿರುತ್ತಾನೆ. ಅವನ ಕಣ್ಣಿಗೆ ಮುಖ್ಯವೆನಿಸಿದ್ದು ಮಾತ್ರ ಹಿರಿಯರ ಕಿವಿಗೆ ಬೀಳುತ್ತದೆ. ಮಧುಮೇಹಿಗೆ ರಕ್ತಪರೀಕ್ಷೆ, ಪಾದಪರೀಕ್ಷೆ, ಮೂತ್ರಪಿಂಡದ ಪರೀಕ್ಷೆ ಎಂದು ವರ್ಷವಿಡೀ ಪತ್ರಗಳು ಬರುತ್ತಲೇ ಇರುವಾಗ, ನೋವಿಲ್ಲದ ಕಣ್ಣಿನ ಪತ್ರ ಎಲ್ಲಕ್ಕಿಂತ ಕೆಳಗೆ ಸೇರುತ್ತದೆ. ಕರೆದುಕೊಂಡು ಹೋಗಲು ಯಾರಾದರೂ ರಜೆ ಹಾಕಬೇಕೆಂದಾಗ, ಮಕ್ಕಳಿಗೆ ತೊಂದರೆ ಕೊಡುವುದು ಬೇಡವೆಂದು ತಾಯಂದಿರೇ ಹಿಂದೆ ಸರಿಯುತ್ತಾರೆ.

ಪತ್ರವೇ ಬಾರದವರ ಸಂಗತಿ ಇದಕ್ಕಿಂತ ಗಂಭೀರ, ಇದರ ಬಗ್ಗೆ ಚರ್ಚೆ ಮಾತ್ರ ಕಡಿಮೆ. ಕರೆಯುವ ಪಟ್ಟಿ ತಯಾರಾಗುವುದು ಜಿಪಿ, ಅಂದರೆ ಬಡಾವಣೆಯ ವೈದ್ಯರ ದಾಖಲೆಯಿಂದ. ಆ ದಾಖಲೆಯಲ್ಲಿ ಮಧುಮೇಹ ನಮೂದಾಗಿರದಿದ್ದರೆ ಕಣ್ಣಿನ ತಪಾಸಣೆಯವರ ಪಾಲಿಗೆ ಆ ವ್ಯಕ್ತಿ ಇಲ್ಲವೇ ಇಲ್ಲ. ಊರಿನಲ್ಲಿ ಸಕ್ಕರೆ ಕಾಯಿಲೆ ಪತ್ತೆಯಾಗಿ, ಊರಿನ ವೈದ್ಯರು ಬರೆದ ಮಾತ್ರೆಯನ್ನು ಆರು ತಿಂಗಳಿಗಾಗುವಷ್ಟು ತಂದಿಟ್ಟುಕೊಂಡು, ರಜೆಗೆ ಹೋದಾಗ ಮತ್ತೆ ಕೊಳ್ಳುತ್ತ, ಬ್ರಿಟನ್ನಿನ ಜಿಪಿಗೆ ಹೇಳದೆಯೇ ಕಾಲ ಹಾಕುವವರಿದ್ದಾರೆ. ಬಾಡಿಗೆ ಮನೆ ಬದಲಿಸಿದವರ ಪತ್ರ ಹಳೆಯ ವಿಳಾಸಕ್ಕೆ ಹೋಗುತ್ತದೆ. ತಿಂಗಳುಗಟ್ಟಲೆ ಸ್ವದೇಶದಲ್ಲಿದ್ದು ಬಂದವರಿಗೆ ಅವಧಿ ಮುಗಿದ ಪತ್ರ ಬಾಗಿಲಲ್ಲಿ ಬಿದ್ದಿರುತ್ತದೆ. ವೀಸಾದ ಕಾಗದಪತ್ರ ಸರಿಯಿಲ್ಲದವರು ಜಿಪಿಯ ಹತ್ತಿರವೇ ಸುಳಿಯುವುದಿಲ್ಲ. ಇಂಗ್ಲೆಂಡಿನಲ್ಲಿ ಜಿಪಿಯ ಬಳಿ ಹೆಸರು ನೋಂದಾಯಿಸಲು ವಲಸೆಯ ಸ್ಥಿತಿಗತಿಯ ದಾಖಲೆಯಾಗಲಿ ವಿಳಾಸದ ಪುರಾವೆಯಾಗಲಿ ಕಡ್ಡಾಯವಲ್ಲ. ಈ ಸರಳ ಸಂಗತಿ ಎಷ್ಟೋ ಜನರಿಗೆ ತಿಳಿದಿಲ್ಲ, ಕೆಲವು ಕಡೆ ಸ್ವಾಗತ ಮೇಜಿನಲ್ಲಿ ಕುಳಿತವರಿಗೂ ತಿಳಿದಿರುವುದಿಲ್ಲ. ಹಾಜರಾತಿಯ ಶೇಕಡಾವಾರು ಲೆಕ್ಕದಲ್ಲಿ ಇವರು ಯಾರೂ ಗೈರುಹಾಜರೆಂದು ಕೂಡ ದಾಖಲಾಗುವುದಿಲ್ಲ.

ವಿಧಿ, ದೇವರ ಇಚ್ಛೆ, ಮೂಢನಂಬಿಕೆ ಎಂಬ ವಿವರಣೆಗಳೂ ಈ ಸಮುದಾಯಗಳ ಬಗ್ಗೆ ಕೇಳಿಬರುತ್ತವೆ. ಅವು ಪೂರ್ಣ ಸುಳ್ಳೆಂದು ನಾನು ಹೇಳಲಾರೆ, ಕೆಟ್ಟ ಸುದ್ದಿ ಕೇಳಲು ಹೆದರುವವರು ಎಲ್ಲ ಜನಾಂಗಗಳಲ್ಲೂ ಇದ್ದಾರೆ. ಆದರೆ ವ್ಯವಸ್ಥೆಯ ದೋಷಗಳನ್ನೆಲ್ಲ ತಿದ್ದಿದ ಮೇಲೂ ಬಾರದೆ ಉಳಿದವರಿಗೆ ಮಾತ್ರ ಆ ವಿವರಣೆಯನ್ನು ಇಟ್ಟುಕೊಳ್ಳುವುದು ನ್ಯಾಯ. ಅಲ್ಲಿಯವರೆಗೆ ಅದು ರೋಗಿಯನ್ನು ದೂರುವ ಸುಲಭ ದಾರಿಯಾಗಿಬಿಡುತ್ತದೆ.

ಹಾಗಾದರೆ ಯಾವ ಉಪಾಯ ಫಲ ಕೊಟ್ಟಿದೆ? ವೈದ್ಯಕೀಯ ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆ 2018ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದು ಈ ವಿಷಯದ 66 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿತು. ಮಾಮೂಲಿ ವ್ಯವಸ್ಥೆಗೆ ಹೋಲಿಸಿದರೆ ಏನಾದರೊಂದು ವಿಶೇಷ ಪ್ರಯತ್ನ ಮಾಡಿದಲ್ಲಿ ಹಾಜರಾತಿ ಸರಾಸರಿ 12 ಶೇಕಡಾ ಅಂಶಗಳಷ್ಟು ಏರಿತ್ತು. ಮೊದಲಿನ ಹಾಜರಾತಿ ಎಲ್ಲಿ ಕಡಿಮೆಯಿತ್ತೋ ಅಲ್ಲಿ ಲಾಭ ಹೆಚ್ಚಿತ್ತು. ಹಿಂದುಳಿದ ಬಡಾವಣೆಗಳಲ್ಲಿ ಖರ್ಚು ಮಾಡುವುದಕ್ಕೆ ಇದಕ್ಕಿಂತ ಬಲವಾದ ವಾದ ಬೇಕಾಗಿಲ್ಲ. 1999ರಲ್ಲಿ ಪ್ರಕಟವಾದ ನ್ಯೂಯಾರ್ಕ್ ಪ್ರದೇಶದ ಒಂದು ಪ್ರಯೋಗ ಆಫ್ರಿಕನ್ ಅಮೆರಿಕನ್ನರ ನಡುವೆ ನಡೆದದ್ದು. ಅವರು ವಲಸಿಗರಲ್ಲದಿದ್ದರೂ ಆರೋಗ್ಯ ವ್ಯವಸ್ಥೆ ಹಿಂದೆ ಬಿಟ್ಟ ಜನರೇ. ಅವರಿಗಾಗಿಯೇ ತಯಾರಿಸಿದ ಪುಸ್ತಿಕೆ, ವಿಡಿಯೊಗಳ ಜೊತೆಗೆ ಫೋನಿನಲ್ಲಿ ಮಾತನಾಡಿ, ಒಬ್ಬೊಬ್ಬರ ಅಡಚಣೆಯನ್ನೂ ಕೇಳಿ ತಿಳಿದ ಗುಂಪಿನಲ್ಲಿ ಶೇ 54.7 ಮಂದಿ ಕಣ್ಣು ತೋರಿಸಿಕೊಂಡರು. ಉಳಿದ ಗುಂಪಿನಲ್ಲಿ ಶೇ 27.3 ಮಾತ್ರ. ಅದೇ ನಗರದಲ್ಲಿ ಅನಂತರ ನಡೆದು 2008ರಲ್ಲಿ ಪ್ರಕಟವಾದ ಮತ್ತೊಂದು ಪ್ರಯೋಗದಲ್ಲಿ, ಇಂಗ್ಲಿಷ್ ಅಥವಾ ಸ್ಪ್ಯಾನಿಷ್‌ನಲ್ಲಿ ಫೋನ್ ಕರೆ ಪಡೆದವರು ಅಂಚೆಯಲ್ಲಿ ಮುದ್ರಿತ ಮಾಹಿತಿ ಪಡೆದವರಿಗಿಂತ ಸ್ಪಷ್ಟವಾಗಿ ಹೆಚ್ಚಿನ ಪ್ರಮಾಣದಲ್ಲಿ ಪರೀಕ್ಷೆಗೆ ಹೋದರು.

ಫೋನ್ ಕರೆ ಎಂದರೆ ದಿನಾಂಕ ನೆನಪಿಸಿ ಇಟ್ಟುಬಿಡುವುದಲ್ಲ. ಮನೆಮಾತಿನಲ್ಲಿ, ಮನೆಯ ಹಿರಿಯರನ್ನು ಮಾತನಾಡಿಸುವ ಮರ್ಯಾದೆಯಲ್ಲಿ, ನೇರವಾಗಿ ಆ ವ್ಯಕ್ತಿಯೊಂದಿಗೇ ಮಾತನಾಡಬೇಕು. ಕಳೆದ ಸಲ ಬರಲಾಗಲಿಲ್ಲವಲ್ಲ, ಏನು ತೊಂದರೆಯಾಯಿತು ಎಂದು ಕೇಳಿ ಉತ್ತರಕ್ಕೆ ಕಾಯಬೇಕು. ಸಿಕ್ಕ ಉತ್ತರ ಬಸ್ಸಿನದಾದರೆ ಹತ್ತಿರದ ಕೇಂದ್ರವನ್ನು ಹೇಳಬೇಕು, ಕೆಲಸದ್ದಾದರೆ ಬೇರೆ ಹೊತ್ತನ್ನು ಕೊಡಬೇಕು, ಹನಿಯ ಭಯವಾದರೆ ಎಷ್ಟು ಹೊತ್ತು ಉರಿಯುತ್ತದೆ, ಯಾವಾಗ ಕಣ್ಣು ಮೊದಲಿನಂತಾಗುತ್ತದೆ ಎಂದು ಹೇಳಬೇಕು. ಕರೆ ಮುಗಿಯುವ ಮೊದಲೇ ದಿನ ಗೊತ್ತಾಗಿರಬೇಕು. ನೀವೇ ಇನ್ನೊಂದು ಸಂಖ್ಯೆಗೆ ಫೋನ್ ಮಾಡಿ ಎಂದರೆ ಅಲ್ಲಿಯವರೆಗೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ದುಭಾಷಿ ಬೇಕೆಂಬುದನ್ನು ಅಲ್ಲೇ ಬರೆದುಕೊಳ್ಳಬೇಕು. ಎನ್‌ಎಚ್‌ಎಸ್‌ನಲ್ಲಿ ದುಭಾಷಿಯ ಸೇವೆ ಉಚಿತವಾಗಿ ಸಿಗುತ್ತದೆ, ಮಕ್ಕಳನ್ನೇ ದುಭಾಷಿಗಳಾಗಿ ಕೂರಿಸಬೇಕಾಗಿಲ್ಲ. ಇದಕ್ಕೆ ಸಮಯ ಹಿಡಿಯುತ್ತದೆ, ಸಂಬಳ ಕೊಡಬೇಕಾಗುತ್ತದೆ. ಒಂದು ಕಣ್ಣಿಗೆ ವರ್ಷಗಟ್ಟಲೆ ಕೊಡಬೇಕಾಗುವ ಚುಚ್ಚುಮದ್ದಿನ ಖರ್ಚಿನ ಪಕ್ಕದಲ್ಲಿಟ್ಟು ನೋಡಿದರೆ ಇದನ್ನು ದುಬಾರಿಯೆಂದು ಕರೆಯುವುದು ನನಗೆ ಸರಿಯೆನಿಸುವುದಿಲ್ಲ.

ಜನರನ್ನು ಕ್ಯಾಮೆರಾದ ಹತ್ತಿರ ಕರೆಯುವ ಬದಲು ಕ್ಯಾಮೆರಾವನ್ನೇ ಜನರ ಹತ್ತಿರ ಒಯ್ಯುವುದು ಇನ್ನೊಂದು ದಾರಿ. ಲಾಸ್ ಏಂಜಲಿಸ್ ಕೌಂಟಿಯ ಸಾರ್ವಜನಿಕ ಚಿಕಿತ್ಸಾಲಯಗಳಲ್ಲಿ ರೋಗಿಗಳ ಪೈಕಿ ಲ್ಯಾಟಿನೊ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ, ಜನರೇ ಹೆಚ್ಚು. ಅಲ್ಲಿ 2013ರಲ್ಲಿ ಆರಂಭವಾದ ವ್ಯವಸ್ಥೆಯಲ್ಲಿ ಮಾಮೂಲಿ ವೈದ್ಯರ ಬಳಿ ಬಂದಾಗಲೇ ಅಕ್ಷಿಪಟಲದ ಚಿತ್ರ ತೆಗೆದು, ಬೇರೆಡೆ ಕುಳಿತ ತಜ್ಞರಿಗೆ ಕಳಿಸಿ ಓದಿಸಿದರು. ವಾರ್ಷಿಕ ತಪಾಸಣೆಯ ಪ್ರಮಾಣ ಶೇ 40.6ರಿಂದ ಶೇ 56.9ಕ್ಕೆ ಏರಿತು, ಕಾಯುವ ಅವಧಿ 158 ದಿನಗಳಿಂದ 17 ದಿನಗಳಿಗೆ ಇಳಿಯಿತು. ಚಿತ್ರವನ್ನು ಕಂಪ್ಯೂಟರೇ ಓದಿ ಸ್ಥಳದಲ್ಲೇ ಫಲಿತಾಂಶ ಹೇಳುವ ಸಾಧನಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರ ಏಪ್ರಿಲ್‌ನಲ್ಲಿ ಅನುಮತಿ ಕೊಟ್ಟಿತು. ಮಂದಿರ, ಗುರುದ್ವಾರ, ಮಸೀದಿಗಳ ಅಂಗಳದಲ್ಲಿ ಸಂಚಾರಿ ವಾಹನ ನಿಲ್ಲಿಸುವುದೂ ಒಳ್ಳೆಯದೇ. ಆದರೆ ಅಲ್ಲಿ ಸಿಕ್ಕ ದೋಷವನ್ನು ಆಸ್ಪತ್ರೆಯವರೆಗೆ ಕೊಂಡೊಯ್ಯುವ ಏರ್ಪಾಡಿಲ್ಲದಿದ್ದರೆ ಅದು ಬರೀ ಉತ್ಸವ. ಶುಕ್ರವಾರ ಮಧ್ಯಾಹ್ನ ಮುಸ್ಲಿಮರಿಗೆ ಸಮಯ ಕೊಡದಿರುವುದು, ರಂಜಾನ್ ತಿಂಗಳಲ್ಲಿ ಬೇಕಾದವರಿಗೆ ದಿನಾಂಕ ಮುಂದೂಡುವುದು ಖರ್ಚಿಲ್ಲದೆ ಮಾಡಬಹುದಾದ ಸುಧಾರಣೆಗಳು.

ಇತ್ತೀಚಿನ ಒಂದು ಬದಲಾವಣೆ ಈ ವಿಷಯವನ್ನು ತುರ್ತಾಗಿಸಿದೆ. ಸತತ ಎರಡು ತಪಾಸಣೆಗಳಲ್ಲಿ ಯಾವ ದೋಷವೂ ಕಾಣದವರನ್ನು ವರ್ಷಕ್ಕೊಮ್ಮೆ ಕರೆಯುವ ಬದಲು ಎರಡು ವರ್ಷಕ್ಕೊಮ್ಮೆ ಕರೆಯುವ ಪದ್ಧತಿಯನ್ನು ಇಂಗ್ಲೆಂಡ್ 2023ರ ಅಕ್ಟೋಬರ್‌ನಿಂದ ಜಾರಿಗೆ ತರತೊಡಗಿತು. ಅಪಾಯ ಕಡಿಮೆಯಿರುವವರಿಗೆ ಇದು ಸರಿಯಾದ ಕ್ರಮವೇ. ಆದರೆ ಒಂದು ಸಲ ತಪ್ಪಿದರೆ ಮೊದಲು ಎರಡು ವರ್ಷದ ಅಂತರವಾಗುತ್ತಿದ್ದದ್ದು ಈಗ ನಾಲ್ಕು ವರ್ಷಕ್ಕೆ ಹೋಗಬಹುದು. ದೃಷ್ಟಿಗೆ ಅಪಾಯ ತರುವ ಹಂತಕ್ಕೆ ಕಾಯಿಲೆ ಮುಂದುವರಿಯುವ ವೇಗವು ಕಪ್ಪು ಜನರಲ್ಲೂ ದಕ್ಷಿಣ ಏಷ್ಯನ್ನರಲ್ಲೂ ಬಿಳಿಯರಿಗಿಂತ ಹೆಚ್ಚೆಂದು ಈಶಾನ್ಯ ಲಂಡನ್ನಿನ ತಪಾಸಣೆಯ ದಾಖಲೆಗಳನ್ನಾಧರಿಸಿದ ಅಧ್ಯಯನ ತೋರಿಸಿದೆ. ಎರಡು ವರ್ಷದ ಪಟ್ಟಿಯಲ್ಲಿದ್ದು ತಪ್ಪಿಸಿಕೊಂಡವರನ್ನು ವಾರಗಳೊಳಗೆ ಹುಡುಕಿ ಮಾತನಾಡಿಸುವ ವ್ಯವಸ್ಥೆ ಇದರ ಜೊತೆಗೇ ಬರಬೇಕು. ಬಾರದವರ ಭಾಷೆ ಯಾವುದು, ಬಡಾವಣೆ ಯಾವುದು, ಎಷ್ಟು ಸಲ ತಪ್ಪಿದೆ ಎಂಬುದನ್ನು ಜಿಪಿಯೂ ತಪಾಸಣಾ ಕೇಂದ್ರವೂ ಪರಸ್ಪರ ಹಂಚಿಕೊಳ್ಳದೆ ಈ ಹುಡುಕಾಟ ಸಾಧ್ಯವಿಲ್ಲ.

ಬ್ರಿಟನ್ನಿನಲ್ಲಿರುವ ಕನ್ನಡ ಕುಟುಂಬಗಳು ಹೆಚ್ಚಾಗಿ ಓದಿದವರವು, ಇಂಗ್ಲಿಷ್ ಪತ್ರ ಅವರಿಗೆ ತೊಡಕಲ್ಲ. ಅಂಥ ಮನೆಗಳಲ್ಲಿ ನೋಡಬೇಕಾದುದು ಜಿಪಿಯ ದಾಖಲೆಯನ್ನು. ಊರಿನಲ್ಲಿ ಶುಗರ್ ಪತ್ತೆಯಾಗಿದ್ದರೆ ಅದನ್ನು ಅಲ್ಲಿಯ ಜಿಪಿಗೆ ಹೇಳಿ ಬರೆಸಬೇಕು. ಹಳೆಯ ಕಣ್ಣಿನ ವರದಿಯಿದ್ದರೆ ಜೊತೆಗೆ ಕೊಡಬೇಕು. ಮಧುಮೇಹವಿರುವ ಗರ್ಭಿಣಿಯರಿಗೆ ಆ ಅವಧಿಯಲ್ಲಿ ಹೆಚ್ಚುವರಿ ತಪಾಸಣೆಗಳಿರುತ್ತವೆ, ಅವನ್ನು ತಪ್ಪಿಸಬಾರದು. ಮಕ್ಕಳ ಮನೆಗೆ ಆರು ತಿಂಗಳ ಮಟ್ಟಿಗೆ ಬರುವ ತಂದೆತಾಯಿಗಳಿಗೆ ಆಸ್ಪತ್ರೆಯ ಚಿಕಿತ್ಸೆ ಬೇಕಾದರೆ ಶುಲ್ಕ ತೆರಬೇಕಾಗುತ್ತದೆ. ಅಂಥವರು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ವಿಮಾನ ಹತ್ತುವ ಮೊದಲೇ ಪಾಪೆ ಅಗಲಿಸಿ ಅಕ್ಷಿಪಟಲ ನೋಡಿಸಿಕೊಂಡು ವರದಿಯನ್ನು ಕೈಚೀಲದಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಯುಗಾದಿಗೋ ರಾಜ್ಯೋತ್ಸವಕ್ಕೋ ಸೇರುವ ಕನ್ನಡ ಸಂಘಗಳಲ್ಲಿ ವೈದ್ಯರಿಗೆ ಕೊರತೆಯಿಲ್ಲ. ಊಟದ ಸಾಲು ಶುರುವಾಗುವ ಮೊದಲು ಅವರಲ್ಲೊಬ್ಬರು ಹತ್ತು ನಿಮಿಷ ನಿಂತು, ಶುಗರ್ ಇರುವವರು ಯಾರು, ಕಣ್ಣಿಗೆ ಹನಿ ಹಾಕಿಸಿ ಚಿತ್ರ ತೆಗೆಸಿದ್ದು ಯಾವಾಗ ಎಂದು ಕನ್ನಡದಲ್ಲೇ ಕೇಳಿದರೆ, ಕನ್ನಡಕದ ಪವರ್ ನೋಡಿಸಿದ್ದನ್ನೇ ಉತ್ತರವಾಗಿ ಹೇಳುವವರು ಖಂಡಿತ ಸಿಗುತ್ತಾರೆ; ಅವರ ಹೆಸರನ್ನು ಅಲ್ಲಿಯೇ ಬರೆದುಕೊಂಡು, ಮರುದಿನ ಅವರ ಜಿಪಿಗೆ ಫೋನ್ ಮಾಡಿಸಬಹುದು.